12 ವರ್ಷ ವಾಸವಿದ್ದರೆ ಮನೆ ನಮ್ಮದೇ ಆಗುತ್ತದೆಯೇ? ಅನುಭವಿ ಸಿವಿಲ್ ವಕೀಲರು ಮೊದಲು ಕೇಳುವ ಪ್ರಶ್ನೆ ಬೇರೆಯೇ ಇದೆ

‘ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದರೆ ಸಾಕು, ಆಮೇಲೆ ಯಾರೂ ಎಬ್ಬಿಸುವಂತಿಲ್ಲ’ ಎಂಬ ಮಾತನ್ನು ನೀವೂ ಕೇಳಿರಬಹುದು. ಮನೆ ಬಾಡಿಗೆಗೆ ಕೊಡುವವರಿಗೆ ಇದು ಭಯ, ಮನೆಯಲ್ಲಿ ಇರುವವರಿಗೆ ಇದು ಭರವಸೆ. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಸತ್ಯವನ್ನೇ ನಂಬಿ ಕೂತರೆ ಮನೆಯನ್ನೇ ಕಳೆದುಕೊಳ್ಳಬೇಕಾಗಬಹುದು.

ಕೆಜಿಎಫ್‌ನಲ್ಲಿ ಈ ಪ್ರಶ್ನೆ ಯಾಕೆ ಮುಖ್ಯ?

ಕೋಲಾರದ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೆಲಸ ಶುರು ಮಾಡಿದ್ದು 1880ರಲ್ಲಿ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್) ಹುಟ್ಟಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ಉರಿಗಾಂ ಸುತ್ತಲಿನ ಕಾಲೋನಿಗಳ ಮನೆಗಳನ್ನು ಕಾರ್ಮಿಕರಿಗೆ ಕೊಟ್ಟಿದ್ದು ಕಂಪನಿ. ಕೆಲಸ ಹೋಯಿತು, ಆದರೆ ಅನೇಕ ಕುಟುಂಬಗಳು ಅಲ್ಲೇ ಉಳಿದವು. ದಿನವೂ ಬೆಳಿಗ್ಗೆ ಮಾರಿಕುಪ್ಪಂನಿಂದ ಬಂಗಾರಪೇಟೆ ಮೂಲಕ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರು ಸಾವಿರಾರು ಜನ. ಎರಡು ದಶಕ ಕಳೆದ ಮೇಲೆ ‘12 ವರ್ಷ ಯಾವಾಗಲೋ ಮುಗಿದಿದೆಯಲ್ಲ, ಇನ್ನೇನು ಭಯ?’ ಎನಿಸುವುದು ಸಹಜ.

12 ವರ್ಷ ಎಂಬ ಲೆಕ್ಕ ಬಂದದ್ದು ಎಲ್ಲಿಂದ?

1963ರ ಕಾಲಮಿತಿ ಕಾಯ್ದೆಯಿಂದ. ನಿಮ್ಮ ಆಸ್ತಿಯನ್ನು ಬೇರೊಬ್ಬರು ಹಿಡಿದಿಟ್ಟುಕೊಂಡಿದ್ದರೆ ಅದನ್ನು ವಾಪಸ್ ಪಡೆಯಲು ದಾವೆ ಹೂಡುವುದಕ್ಕೆ 65ನೇ ಅನುಚ್ಛೇದ 12 ವರ್ಷದ ಗಡುವು ಕೊಡುತ್ತದೆ. ಆಸ್ತಿ ಸರ್ಕಾರದ್ದಾದರೆ 112ನೇ ಅನುಚ್ಛೇದದ ಪ್ರಕಾರ 30 ವರ್ಷ. ಗಡುವು ಮುಗಿದರೆ 27ನೇ ಕಲಂ ಪ್ರಕಾರ ಮಾಲೀಕನ ಹಕ್ಕೇ ಅಳಿದುಹೋಗುತ್ತದೆ. ಇದನ್ನೇ ‘ಪ್ರತಿಕೂಲ ಸ್ವಾಧೀನ’ ಎನ್ನುತ್ತಾರೆ.

ಇಲ್ಲಿ ‘ಪ್ರತಿಕೂಲ’ ಎಂಬ ಪದವೇ ಮುಖ್ಯ. ಗಡಿಯಾರ ಓಡಲು ಶುರುವಾಗುವುದು ನೀವು ಮನೆಗೆ ಬಂದ ದಿನದಿಂದಲ್ಲ, ನಿಮ್ಮ ಸ್ವಾಧೀನ ಮಾಲೀಕನಿಗೆ ವಿರುದ್ಧವಾದ ದಿನದಿಂದ.

ವಕೀಲರು ಕೇಳುವ ಮೊದಲ ಪ್ರಶ್ನೆ

ತಾಲೂಕು ಕೇಂದ್ರಗಳ ಸಣ್ಣ ವಕೀಲರ ಕಚೇರಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು: ಒಬ್ಬ ಸೀನಿಯರ್, ಒಬ್ಬಿಬ್ಬರು ಜೂನಿಯರ್, ಒಬ್ಬ ಗುಮಾಸ್ತ, ಬೀರು ತುಂಬ ಫೈಲು. ಅಲ್ಲಿಗೆ ಹೋದವರು ‘ಎಷ್ಟು ವರ್ಷದಿಂದ ಇದ್ದೇವೆ’ ಎಂದು ಹೇಳಲು ಶುರು ಮಾಡುತ್ತಾರೆ. ಅನುಭವಿ ಸಿವಿಲ್ ವಕೀಲರು ಕೇಳುವುದು: ‘ಒಳಗೆ ಬಂದದ್ದು ಹೇಗೆ?’

ಯಾಕೆಂದರೆ ಅನುಮತಿಯಿಂದ ಬಂದವರ ಸ್ವಾಧೀನ ಎಷ್ಟೇ ವರ್ಷವಾದರೂ ತಾನಾಗಿ ಪ್ರತಿಕೂಲವಾಗುವುದಿಲ್ಲ. ಈ ಸಾಲಿಗೆ ಸೇರುವವರು:

• ಬಾಡಿಗೆದಾರರು
• ಮನೆ ನೋಡಿಕೊಳ್ಳಲು ಇಟ್ಟವರು. ಇವರಿಗೆ ಹಕ್ಕು ಬರುವುದಿಲ್ಲ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ
• ನೌಕರಿಯ ಕಾರಣಕ್ಕೆ ಕ್ವಾರ್ಟರ್ಸ್ ಪಡೆದವರು, ಅವರ ನಂತರ ಅಲ್ಲೇ ಮುಂದುವರಿದ ಮಕ್ಕಳು
• ಪಿತ್ರಾರ್ಜಿತ ಮನೆಯಲ್ಲಿರುವ ಅಣ್ಣ ಅಥವಾ ತಮ್ಮ. ಅವರ ಸ್ವಾಧೀನ ಬೇರೆ ಊರಲ್ಲಿರುವ ಅಕ್ಕತಂಗಿಯರ ಪರವಾಗಿಯೂ ಇದೆ ಎಂದೇ ಕಾನೂನು ನೋಡುತ್ತದೆ

‘ಇನ್ನು ಈ ಮನೆ ನನ್ನದೇ, ನಿನ್ನ ಹಕ್ಕನ್ನು ಒಪ್ಪುವುದಿಲ್ಲ’ ಎಂದು ಮಾಲೀಕನಿಗೆ ತಿಳಿಯುವಂತೆ ಬಹಿರಂಗವಾಗಿ ನಡೆದುಕೊಂಡರೆ ಮಾತ್ರ ಲೆಕ್ಕ ಬದಲಾಗುತ್ತದೆ. ಬಾಡಿಗೆ ಕಟ್ಟುವುದು, ‘ಈ ಮನೆಯನ್ನು ನಮಗೆ ಮಂಜೂರು ಮಾಡಿ’ ಎಂದು ಅರ್ಜಿ ಕೊಡುವುದು ಮಾಲೀಕತ್ವವನ್ನು ಒಪ್ಪಿಕೊಂಡಂತೆ. ಹಾಗೆಂದು ಅರ್ಜಿ ಕೊಡಬಾರದು ಎಂದಲ್ಲ. ಕಂಪನಿ ಮನೆಗಳಲ್ಲಿರುವವರಿಗೆ ಗಟ್ಟಿ ಹಕ್ಕು ಬರುವ ದಾರಿ ಮಂಜೂರಾತಿ ಮತ್ತು ನೋಂದಣಿಯೇ ಹೊರತು ವರ್ಷಗಳ ಎಣಿಕೆಯಲ್ಲ.

ಕೋರ್ಟಿನಲ್ಲಿ ಏನು ತೋರಿಸಬೇಕು?

ಕರ್ನಾಟಕ ವಕ್ಫ್ ಮಂಡಳಿ ಮತ್ತು ಭಾರತ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಐದು ಅಂಶ ಪಟ್ಟಿ ಮಾಡಿತು: ಯಾವ ದಿನಾಂಕದಿಂದ ಸ್ವಾಧೀನ, ಅದು ಯಾವ ಬಗೆಯದು, ಎದುರು ಪಕ್ಷಕ್ಕೆ ಗೊತ್ತಿತ್ತೇ, ಎಷ್ಟು ಕಾಲ ನಡೆಯಿತು, ಬಹಿರಂಗವಾಗಿ ಅಡೆತಡೆಯಿಲ್ಲದೆ ನಡೆಯಿತೇ. ‘ಆಸ್ತಿ ಮೊದಲಿನಿಂದಲೂ ನಮ್ಮದೇ’ ಎನ್ನುತ್ತಲೇ ‘ಪ್ರತಿಕೂಲ ಸ್ವಾಧೀನದಿಂದ ನಮ್ಮದಾಯಿತು’ ಎಂದರೆ ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಅನುಭವವಿಲ್ಲದ ಕೈಯಲ್ಲಿ ಕೇಸು ಬೀಳುವುದು ಹೆಚ್ಚಾಗಿ ಇಂಥ ಕಡೆ.

ಕರೆಂಟ್ ಬಿಲ್, ಪಡಿತರ ಚೀಟಿ, ಕಂದಾಯದ ರಸೀದಿ ನೀವು ಅಲ್ಲಿದ್ದಿರಿ ಎಂಬುದನ್ನು ತೋರಿಸುತ್ತವೆ. ಮನೆ ನಿಮ್ಮದು ಎಂಬುದನ್ನಲ್ಲ.

12 ವರ್ಷ ಅಲ್ಲ, 12 ದಿನ

ಕೇಂದ್ರ ಸರ್ಕಾರದ ಕಂಪನಿಗಳ ಕಟ್ಟಡಗಳಿಗೆ 1971ರ ಸಾರ್ವಜನಿಕ ಆವರಣಗಳ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ಎಸ್ಟೇಟ್ ಅಧಿಕಾರಿ ನೋಟಿಸ್ ಕೊಟ್ಟು, ಉತ್ತರ ಕೇಳಿ, ತೆರವಿಗೆ ಆದೇಶ ಮಾಡಬಹುದು. ಆ ವಿಷಯವನ್ನು ಸಾಮಾನ್ಯ ಸಿವಿಲ್ ದಾವೆಯಾಗಿ ಒಯ್ಯಲು 15ನೇ ಕಲಂ ಅಡ್ಡಿಯಾಗುತ್ತದೆ. ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ ಸಲ್ಲಿಸಲು ಇರುವ ಸಮಯ 12 ದಿನ. ಬಂದ ನೋಟಿಸನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟು ಸುಮ್ಮನಿದ್ದರೆ ಆ ಸಮಯ ಕೈಬಿಟ್ಟು ಹೋಗುತ್ತದೆ.

ಇನ್ನೆರಡು ತಪ್ಪು ನಂಬಿಕೆಗಳು

*11 ತಿಂಗಳ ಕರಾರು 12 ವರ್ಷದ ಭಯಕ್ಕೆ:* ಅಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕು. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳು ಎಂದು ಬರೆಸುತ್ತಾರೆ.

*ಸ್ಟಾಂಪ್ ಪೇಪರ್ ಮೇಲೆ ಬರೆದುಕೊಟ್ಟರೆ ಮನೆ ಕೊಂಡಂತೆ:* ಅಲ್ಲ. ನೋಂದಾಯಿತ ಕ್ರಯಪತ್ರ ಬೇಕು. ಜಿಪಿಎ ಮತ್ತು ಕರಾರು ಪತ್ರದ ಮೂಲಕ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾರುವವರಿಗೇ ಹಕ್ಕಿಲ್ಲದ ಮನೆಯನ್ನು ಹೀಗೆ ಕೊಂಡರೆ ಕೂಡಿಟ್ಟ ದುಡ್ಡು ಹೋಗುತ್ತದೆ, ಮನೆಯೂ ದಕ್ಕುವುದಿಲ್ಲ.

ವಕೀಲರ ಬಳಿ ಹೋಗುವಾಗ

ಮಂಜೂರಾತಿ ಪತ್ರ, ನೌಕರಿಯ ದಾಖಲೆ, ಬಂದ ಪ್ರತಿ ನೋಟಿಸ್ ಮತ್ತು ಅದರ ಲಕೋಟೆ, ಕ್ರಯಪತ್ರ, ಋಣಭಾರ ಪತ್ರ (ಇಸಿ), ಪಹಣಿ ಇದ್ದರೆ ಅದನ್ನೂ ಒಯ್ಯಿರಿ. ಕೆಜಿಎಫ್ ಪ್ರತ್ಯೇಕ ತಾಲೂಕಾಗುವ ಮೊದಲು ಬಂಗಾರಪೇಟೆ ತಾಲೂಕಿನಲ್ಲಿತ್ತು. ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಹಾಗಾಗಿ ಹಳೆಯ ಪತ್ರಗಳಲ್ಲಿ ಈ ಹೆಸರುಗಳನ್ನು ಕಂಡರೆ ಬೇರೆ ಊರಿನದೆಂದು ಬದಿಗಿಡಬೇಡಿ.

ಫೀಸಿನ ಚಿಂತೆಯಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆಯೇ ಹೇಳುತ್ತದೆ.

ಕೊನೆಯದಾಗಿ

12 ವರ್ಷದ ನಿಯಮ ಇರುವುದು ನಿಜ. ಆದರೆ ಅದು ತನ್ನ ಆಸ್ತಿಯನ್ನು ಮರೆತು ಕೂತ ಮಾಲೀಕನಿಗೆ ಕೊಟ್ಟ ಎಚ್ಚರಿಕೆಯೇ ಹೊರತು, ಅನುಮತಿಯಿಂದ ಒಳಗೆ ಬಂದವರಿಗೆ ಸಿಗುವ ಬಹುಮಾನವಲ್ಲ. ಪ್ರತಿ ಮನೆಯ ಕಥೆಯೂ ಬೇರೆ, ಆದ್ದರಿಂದ ನಿಮ್ಮ ಕಾಗದಗಳನ್ನು ವಕೀಲರಿಗೆ ತೋರಿಸಿಯೇ ಮುಂದಿನ ಹೆಜ್ಜೆ ಇಡಿ.