ಪವರ್ ಸೀಟು ದೋಷಪತ್ತೆ

ಕಾರಿನ ಸೀಟನ್ನು 12 ವೋಲ್ಟ್ ಮೋಟರುಗಳಿಂದ ಹಿಂದೆಮುಂದೆ, ಮೇಲೆಕೆಳಗೆ ಸರಿಸುವ ವ್ಯವಸ್ಥೆ ಕೆಟ್ಟಾಗ ಕಾರಣ ಹುಡುಕುವ ಕ್ರಮ. ಪೀಣ್ಯ ಕೈಗಾರಿಕಾ ಪ್ರದೇಶದ ಸಮೀಪದ ಬಾಗಲಗುಂಟೆಯಂಥ ಕಡೆ, ಮಳೆನೀರು ನಿಂತ ರಸ್ತೆ ದಾಟಿ ಬಂದ ಕಾರಿಗೆ ಈ ತೊಂದರೆ ಬಂದರೆ ಮೊದಲ ಅನುಮಾನ ಸೀಟಿನಡಿಯ ಕನೆಕ್ಟರ್ ಮೇಲೆ. ಒದ್ದೆ ಕಾರ್ಪೆಟ್ಟಿನ ತೇವಕ್ಕೆ ಅದರ ತಾಮ್ರದ ಪಿನ್ನುಗಳು ಹಸಿರುಗಟ್ಟುತ್ತವೆ.

ಸೀಟು ಯಾವ ದಿಕ್ಕಿಗೂ ಅಲ್ಲಾಡದಿದ್ದರೆ ಫ್ಯೂಸು, ಅರ್ಥಿಂಗ್ ತಂತಿ, ಕನೆಕ್ಟರ್ ನೋಡಬೇಕು. ಒಂದೇ ಚಲನೆ ನಿಂತಿದ್ದರೆ ಸ್ವಿಚ್ಚು ಅಥವಾ ಆ ಮೋಟರು. ಬಹಳ ಉಪಯುಕ್ತವಾದ ಪರೀಕ್ಷೆಗೆ ಉಪಕರಣವೇ ಬೇಡ: ಒಳಗಿನ ದೀಪ ಹಚ್ಚಿ ಸ್ವಿಚ್ಚು ಒತ್ತಬೇಕು. ದೀಪ ತುಸು ಮಂಕಾದರೆ ಕರೆಂಟು ಮೋಟರಿನವರೆಗೆ ಹೋಗುತ್ತಿದೆ, ಅಡ್ಡಿ ಯಾಂತ್ರಿಕವಾದದ್ದು. ಹಳಿಯಲ್ಲಿ ಸಿಕ್ಕ ನಾಣ್ಯ, ಪೆನ್ನು, ಗಟ್ಟಿಯಾದ ಗ್ರೀಸು. ಮಂಕಾಗದಿದ್ದರೆ ಸರ್ಕೀಟು ಎಲ್ಲೋ ತುಂಡಾಗಿರುವ ಸಂಭವ ಹೆಚ್ಚು. ಮೋಟರು ತಿರುಗುವ ಸದ್ದಿದ್ದೂ ಸೀಟು ಕದಲದಿದ್ದರೆ ಗೇರು ಸವೆದಿದೆ, ಇಲ್ಲವೇ ಒಳಗಿನ ಕೇಬಲ್ ಕಳಚಿದೆ.

ಸುಟ್ಟ ಫ್ಯೂಸಿನ ಜಾಗಕ್ಕೆ ಹೆಚ್ಚು ಆಂಪಿಯರಿನದನ್ನು ಹಾಕುವುದು ಬೆಂಕಿಗೆ ದಾರಿ, ಯಾವ ಕಾರಣಕ್ಕೂ ಕೂಡದು. ಸೀಟಿನಡಿಯ ಹಳದಿ ಕನೆಕ್ಟರ್ ಸಾಮಾನ್ಯವಾಗಿ ಏರ್‌ಬ್ಯಾಗಿನದು. ಅದನ್ನು ಕೀಳುವ ಮುನ್ನ ಬ್ಯಾಟರಿ ಬಿಡಿಸಿ, ತಯಾರಕರು ಹೇಳಿದಷ್ಟು ಹೊತ್ತು ಕಾಯಲೇಬೇಕು. ನೆನಪಿನ ಸೌಲಭ್ಯವಿರುವ ಕೆಲವು ಸೀಟುಗಳನ್ನು ಬ್ಯಾಟರಿ ಜೋಡಿಸಿದ ಮೇಲೆ ಎರಡೂ ತುದಿಯವರೆಗೆ ಓಡಿಸಿ ಮರುಹೊಂದಿಸಬೇಕಾಗುತ್ತದೆ.