ಕುರುಬರ ಮನೆಯ ಕಂಬಳಿ

ಬಯಲುಸೀಮೆಯ ಕಂಬಳಿ ದಖನಿ ತಳಿಯ ಕುರಿಯ ಉಣ್ಣೆಯದು. ಮಳೆ ಕಡಿಮೆ ಬೀಳುವ ಒಣ ನೆಲದಲ್ಲಿ ಮೇದು ಬೆಳೆಯುವ ಈ ಕುರಿಯ ಉಣ್ಣೆ ಒರಟು, ಬಹುಪಾಲು ಕಪ್ಪು. ಆದ್ದರಿಂದ ಬಣ್ಣ ಹಾಕುವ ಗೊಡವೆ ಇಲ್ಲ. ಇದನ್ನು ನೇಯುವ ಕಸುಬು ತಲೆಮಾರುಗಳಿಂದ ಕುರುಬ ಸಮುದಾಯದ್ದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಇದಕ್ಕೆ ಹೆಸರಾದ ಊರುಗಳು. ಟಿಪ್ಪುವಿನ ಪತನದ ಬೆನ್ನಲ್ಲೇ, 1800-01ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕುರಿ ಸಾಕಿ ಕಂಬಳಿ ನೇಯುವ ಕುರುಬರ ವಿವರ ಬರೆದಿಟ್ಟಿದ್ದಾನೆ.

ಈ ಕಸುಬಿಗೆ ಬೇರೆ ಕಾರ್ಖಾನೆ ಇರಲಿಲ್ಲ, ಮನೆಯೇ ಕಾರ್ಖಾನೆ. ವರ್ಷಕ್ಕೆ ಎರಡು ಸಲ ಗಂಡಸರು ಕುರಿ ತೊಳೆದು ಕತ್ತರಿಯಿಂದ ಉಣ್ಣೆ ತೆಗೆಯುತ್ತಿದ್ದರು. ಅದನ್ನು ಬಿಡಿಸಿ, ಕಸ ತೆಗೆದು, ಬಿಲ್ಲಿನಿಂದ ಹಿಂಜಿದ ಮೇಲೆ ನೂಲುವ ಕೆಲಸ ಹೆಂಗಸರದು. ಅಡುಗೆ, ಹೊಲ, ಮಕ್ಕಳ ನಡುವೆ ಸಿಕ್ಕ ಬಿಡುವೆಲ್ಲ ರಾಟೆಗೆ ಹೋಗುತ್ತಿತ್ತು, ಮುದುಕಿಯರೂ ನೂಲುತ್ತಿದ್ದರು. ಹಾಸಿನ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಹುಣಸೆ ಬೀಜವನ್ನು ಅರೆದು ಬೇಯಿಸಿದ ಗಂಜಿಯನ್ನು ಕುಂಚದಿಂದ ಹಚ್ಚಿ ಬಿಸಿಲಿಗೆ ಒಣಗಿಸುತ್ತಿದ್ದರು. ಗಂಜಿಯಿಂದ ಎಳೆ ಬಿಗಿಯಾಗಿ, ಮಗ್ಗದಲ್ಲಿ ಹರಿಯುತ್ತಿರಲಿಲ್ಲ. ನಂತರ ಗಂಡಸರು ಕುಣಿಮಗ್ಗಕ್ಕೆ ಇಳಿದು ಕೈಯಿಂದ ಲಾಳಿ ಎಸೆದು ನೇಯುತ್ತಿದ್ದರು. ಒಂದು ಕೈ ನಿಂತರೂ ಕಂಬಳಿ ಆಗುತ್ತಿರಲಿಲ್ಲ.

ಹೀಗೆ ಹುಟ್ಟಿದ ಕಂಬಳಿ ಹೊದಿಕೆಯೂ ಹಾಸಿಗೆಯೂ ಆಗಿತ್ತು. ಮಳೆಯಲ್ಲಿ ಮಡಿಚಿ ತಲೆಗೆ ಹಾಕಿಕೊಂಡರೆ ಕೊಪ್ಪೆ, ಕುರಿ ಹಿಂದೆ ಅಲೆಯುವವರಿಗೆ ರಾತ್ರಿಯ ಆಸರೆ. ಆಚರಣೆಗಳಲ್ಲೂ ಉಣ್ಣೆಗೆ ಸ್ಥಾನವಿತ್ತು. ಮದುವೆಯಲ್ಲಿ ಕೈಗೆ ಕಟ್ಟುವ ದಾರದಿಂದಲೇ ಕುರುಬರಲ್ಲಿ ಹತ್ತಿ ಕಂಕಣ, ಉಣ್ಣೆ ಕಂಕಣ ಎಂಬ ಎರಡು ಪಂಗಡಗಳನ್ನು ಗುರುತಿಸುತ್ತಿದ್ದರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲೂ ಈ ವಿಂಗಡಣೆ ದಾಖಲಾಗಿದೆ. ಶುಭಕಾರ್ಯದಲ್ಲಿ ಕಂಬಳಿ ಹಾಸಿ ಅದರ ಮೇಲೆ ದೇವರ ಗದ್ದುಗೆ ಹಾಕುವ ರೂಢಿ ಕುರುಬರಲ್ಲಷ್ಟೇ ಅಲ್ಲ, ಬೇಡರಲ್ಲೂ ಇದೆ. ಉಣ್ಣೆಗೆ ಮೈಲಿಗೆಯಿಲ್ಲವೆಂಬ ನಂಬಿಕೆಯಿಂದ ಬ್ರಾಹ್ಮಣರ ಮನೆಗಳಲ್ಲಿ ಮಡಿಗೆ ಧಾವಳಿ ಎಂಬ ಉಣ್ಣೆ ವಸ್ತ್ರ ಬಳಕೆಯಾಗುತ್ತಿತ್ತು.

ಬೆಂಗಳೂರಿನಲ್ಲಿ 1884ರಲ್ಲಿ ಉಣ್ಣೆ ಗಿರಣಿ ಆರಂಭವಾದರೂ ಹಳ್ಳಿಯ ಮಗ್ಗಗಳು ಉಳಿದವು. ಕುರಿಗಾರನಿಗೂ ರೈತನಿಗೂ ಬೇಕಾದ ಒರಟು ಕಂಬಳಿ ಅಲ್ಲಿಯೇ ಆಗಬೇಕಿತ್ತು. ಹೊಡೆತ ಬಿದ್ದದ್ದು ಆಮೇಲೆ. ಹಳೆಯ ಉಣ್ಣೆ ಬಟ್ಟೆಯ ಚಿಂದಿಯಿಂದ ಪಾಣಿಪತ್‌ನಲ್ಲಿ ತಯಾರಾಗುವ ಅಗ್ಗದ ಹೊದಿಕೆಗಳು ಸಂತೆಗೆ ಬಂದವು, ಪ್ಲಾಸ್ಟಿಕ್ ಹಾಳೆ ಕೊಪ್ಪೆಯ ಜಾಗ ಹಿಡಿಯಿತು. ಮಾಂಸಕ್ಕೆ ಬೆಲೆ ಏರಿದಂತೆ ಕುರಿ ಸಾಕುವವರು ಉಣ್ಣೆ ಕಡಿಮೆಯಿರುವ, ಮೈತುಂಬಿ ಬೆಳೆಯುವ ತಳಿಗಳತ್ತ ವಾಲಿದರು. ಉಣ್ಣೆ ಮಾರಿದ ಹಣ ಕತ್ತರಿಸುವ ಕೂಲಿಗೂ ಸಾಲದಾದಾಗ ಅದು ತಿಪ್ಪೆ ಸೇರತೊಡಗಿತು. ನೂಲುವ ಹೆಂಗಸರು ದಿನಗೂಲಿಗೆ ಹೋದರು. ನೂಲಿಲ್ಲದೆ ಮಗ್ಗಗಳು ನಿಂತವು.

ಸಹಕಾರ ಸಂಘಗಳೂ ರಾಜ್ಯದ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವೂ ನೇಕಾರರ ಬೆಂಬಲಕ್ಕಿವೆ. ಆದರೂ ಕೈಕಂಬಳಿಗೆ ಈಗ ಖಾತರಿಯ ಗಿರಾಕಿ ಎಂದರೆ ಮದುವೆ, ಬೀರಪ್ಪ ಮೈಲಾರಲಿಂಗರ ಜಾತ್ರೆ, ಮತ್ತು ಗಣ್ಯರ ಹೆಗಲಿಗೆ ಕಂಬಳಿ ಹೊದಿಸುವ ಸನ್ಮಾನ ಸಮಾರಂಭಗಳು.