ನಾಲಿಗೆಯ ಕ್ಯಾನ್ಸರ್: ಕತ್ತರಿ, ಸೂಜಿ ಮತ್ತು ಉಳಿದ ಮಾತು

ಮಾತು ತಪ್ಪುವವನನ್ನು ಕುರಿತು 'ಎಲುಬಿಲ್ಲದ ನಾಲಿಗೆ' ಎಂದು ನಮ್ಮ ಜನಪದರು ಆಡುವುದುಂಟು. ನಾಲಿಗೆಯ ಕ್ಯಾನ್ಸರಿಗೆ ನಡೆದ ಚಿಕಿತ್ಸೆಗಳ ಚರಿತ್ರೆಯನ್ನು ಓದುವಾಗ ಈ ನುಡಿ ಬೇರೊಂದು ಅರ್ಥದಲ್ಲಿ ನೆನಪಾಗುತ್ತದೆ. ಆ ಚರಿತ್ರೆಯುದ್ದಕ್ಕೂ ಬೆಲೆ ತೆತ್ತದ್ದು ಪಕ್ಕದ ದವಡೆಯ ಎಲುಬು, ಇಲ್ಲವೇ ಮಾತು.

19ನೆಯ ಶತಮಾನದಲ್ಲಿ ಇದ್ದ ದಾರಿ ಶಸ್ತ್ರಚಿಕಿತ್ಸೆಯೊಂದೇ. ಮ್ಯಾಂಚೆಸ್ಟರಿನ ವಾಲ್ಟರ್ ವೈಟ್‌ಹೆಡ್ ಬಾಯಿಯ ಮೂಲಕವೇ ಕತ್ತರಿಯಿಂದ ನಾಲಿಗೆಯನ್ನು ತೆಗೆಯುತ್ತಿದ್ದರು. ಬರ್ನ್ ನಗರದ ಥಿಯೊಡೋರ್ ಕೋಖರ್ ದವಡೆಯ ಕೆಳಗಿನಿಂದ ದಾರಿ ಮಾಡಿಕೊಂಡು ಗ್ರಂಥಿಗಳನ್ನೂ ತೆಗೆಯುವ ಕ್ರಮವನ್ನು ರೂಪಿಸಿದರು. ರಕ್ತಸ್ರಾವ ಮತ್ತು ಶ್ವಾಸಕೋಶದ ಸೋಂಕಿನಿಂದ ಸತ್ತವರು ಅನೇಕರು. ಬದುಕಿ ಉಳಿದವರ ಮಾತು ಹೇಗಿತ್ತು ಎಂಬುದಕ್ಕೆ ವೈದ್ಯಕೀಯ ಬರಹಗಳಲ್ಲಿ ದೊರೆಯುವ ಜಾಗ ಸ್ವಲ್ಪವೇ.

1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಅನ್ನು ಕಂಡುಹಿಡಿದ ಮೇಲೆ ಚಿತ್ರ ಬದಲಾಯಿತು. ಪ್ಲಾಟಿನಂ ಹೊದಿಕೆಯೊಳಗೆ ರೇಡಿಯಂ ತುಂಬಿದ ಸೂಜಿಗಳನ್ನು ಗಡ್ಡೆಯ ಸುತ್ತ ಚುಚ್ಚಿ, ಸುಮಾರು ಒಂದು ವಾರ ಅಲ್ಲಿಯೇ ಇರಿಸಿ, ಬಳಿಕ ತೆಗೆಯಲಾಗುತ್ತಿತ್ತು. ದೂರ ಹೆಚ್ಚಿದಂತೆ ವಿಕಿರಣದ ತೀವ್ರತೆ ಬೇಗನೆ ಕುಗ್ಗುವುದರಿಂದ ಪೆಟ್ಟು ಬೀಳುತ್ತಿದ್ದುದು ಮುಖ್ಯವಾಗಿ ಗಡ್ಡೆಗೇ. ಸೂಜಿಗಳನ್ನು ಹೇಗೆ ಹಂಚಿ ಇರಿಸಬೇಕೆಂಬ ನಿಯಮಗಳನ್ನು 1930ರ ದಶಕದಲ್ಲಿ ಪ್ಯಾಟರ್ಸನ್ ಮತ್ತು ಪಾರ್ಕರ್ ಪ್ರಕಟಿಸಿದ್ದು ಅದೇ ಮ್ಯಾಂಚೆಸ್ಟರಿನಿಂದ; ಕತ್ತರಿ ಆಡಿದ ಊರಿನಲ್ಲಿಯೇ ಸೂಜಿಗೂ ಶಾಸ್ತ್ರ ಹುಟ್ಟಿತು. ನಾಲಿಗೆ ಇಡಿಯಾಗಿ ಉಳಿಯುತ್ತಿತ್ತು. ಸೂಜಿಯ ನಿಜವಾದ ಆಕರ್ಷಣೆ ಇದೇ ಎಂದು ನನ್ನ ಅಭಿಪ್ರಾಯ. ಆದರೆ ಕೆಲವರಲ್ಲಿ ದವಡೆಯ ಎಲುಬು ಸತ್ತು ಹುಣ್ಣಾಗುತ್ತಿತ್ತು. ಸೂಜಿ ಹಿಡಿದ ವೈದ್ಯರಿಗೂ ದಾದಿಯರಿಗೂ ವಿಕಿರಣ ತಗಲುತ್ತಿತ್ತು. ಅಲ್ಲದೆ ಕುತ್ತಿಗೆಯ ಗ್ರಂಥಿಗಳಿಗೆ ಹರಡಿದ ರೋಗವನ್ನು ನಾಲಿಗೆಯಲ್ಲಿನ ಸೂಜಿ ಮುಟ್ಟಲಾರದು. ಅದಕ್ಕೆ 1906ರಲ್ಲಿ ಅಮೆರಿಕದ ಜಾರ್ಜ್ ಕ್ರೈಲ್ ವಿವರಿಸಿದ ಕುತ್ತಿಗೆಯ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತಿತ್ತು.

ಪ್ರತಿಜೀವಕಗಳೂ ರಕ್ತಪೂರಣವೂ ಬಂದ ಮೇಲೆ ಶಸ್ತ್ರಚಿಕಿತ್ಸೆ ಸುರಕ್ಷಿತವಾಯಿತು. ಚೀನಾದ ವೈದ್ಯರು 1981ರಲ್ಲಿ ವರದಿ ಮಾಡಿದ ಮುಂಗೈ ಚರ್ಮದ ಕಸಿ, ಕತ್ತರಿಸಿದ ಜಾಗವನ್ನು ತುಂಬುವ ಉಪಾಯವೂ ಆಯಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಆರಂಭಿಕ ಹಂತದ ಬಾಯಿ ಕ್ಯಾನ್ಸರಿನ ರೋಗಿಗಳು, ಬಹುಪಾಲು ನಾಲಿಗೆಯ ಕ್ಯಾನ್ಸರಿನವರೇ, ಅದರಲ್ಲಿದ್ದರು. ಮೊದಲ ಶಸ್ತ್ರಚಿಕಿತ್ಸೆಯಲ್ಲಿಯೇ ಕುತ್ತಿಗೆಯ ಗ್ರಂಥಿಗಳನ್ನು ತೆಗೆದವರಲ್ಲಿ ಮೂರು ವರ್ಷ ಬದುಕುಳಿದವರ ಪ್ರಮಾಣ ಶೇ. 80, ಗ್ರಂಥಿ ಊದಿದ ಮೇಲೆ ತೆಗೆಯೋಣವೆಂದು ಕಾದವರಲ್ಲಿ ಶೇ. 67.5. ಇಂದು ಸಾಮಾನ್ಯವಾಗಿ ಮೊದಲು ಶಸ್ತ್ರಚಿಕಿತ್ಸೆ. ಗ್ರಂಥಿಗಳಲ್ಲಿ ರೋಗ ಕಂಡರೆ ಅಥವಾ ಅಂಚಿನಲ್ಲಿ ಉಳಿದಿದ್ದರೆ ಅನಂತರ ವಿಕಿರಣ. ಹಾಗೆಂದು ಕತ್ತರಿಯೇ ಗೆದ್ದಿತೆನ್ನುವುದು ಅವಸರದ ಮಾತು, ಇವೆರಡೂ ಈಗ ಒಂದರ ಹಿಂದೆ ಒಂದು ನಡೆಯುತ್ತಿವೆ.

ಈ ಲೆಕ್ಕಗಳು ಮುಖ್ಯವಾಗಿ ಬದುಕಿದ ವರ್ಷಗಳವು. ಮುಂಗೈಯಿಂದ ತಂದ ಚರ್ಮ ಜಾಗ ತುಂಬುತ್ತದೆ, ಆದರೆ ನಾಲಿಗೆಯಂತೆ ತಾನಾಗಿ ಹೊರಳಲಾರದು. ಟ, ಡ, ಣ, ಳ ಅಕ್ಷರಗಳಿಗೆ ನಾಲಿಗೆಯ ತುದಿ ಹಿಂದಕ್ಕೆ ಮಡಚಬೇಕು. ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡುವ ನೀಲಗಾರರಿಗೆ ಇದು ಉಚ್ಚಾರಣೆಯ ಸಣ್ಣ ಪ್ರಶ್ನೆಯಲ್ಲ. ಅಂಥ ಗಾಯಕರೊಬ್ಬರಿಗೆ ಈ ರೋಗ ತಗಲಿದೆಯೆಂದು ತಿಳಿದರೆ, ಚಿಕಿತ್ಸೆಯನ್ನು ಒಂದು ದಿನವೂ ತಡಮಾಡದೆ, ಅದಕ್ಕೆ ಮುನ್ನ ಸಿಗುವಷ್ಟು ಹೊತ್ತಿನಲ್ಲಿ ಅವರ ಹಾಡನ್ನು ಧ್ವನಿಮುದ್ರಿಸಿಕೊಳ್ಳುವುದು ಜಾನಪದ ಸಂಶೋಧಕರ ಪಾಲಿನ ಕೆಲಸ.